ಕಿತ್ತೂರಿನಿಂದ ಕೆಂಕೆರೆಗೆ: ಅಲ್ಪವೆಚ್ಚದ ರೂಟರಿನ ಪೂರ್ವಕಥೆ

ಹುಳಿಯಾರಿಗೆ ಸಮೀಪವಾದ ಕೆಂಕೆರೆಯ ತೆಂಗಿನ ಸೀಮೆಯಲ್ಲಿ ಉಂಡೆಕೊಬ್ಬರಿಯೆಂಬುದು ಅವಸರದ ಪದಾರ್ಥವಲ್ಲ. ಅಟ್ಟವನ್ನೇರಿದ ಕಾಯಿಯೊಳಗಣ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಗಡಗಡಿಸಬೇಕಾದರೆ ವರ್ಷದ ಬಹುಭಾಗವೇ ಕಳೆಯುತ್ತದೆ. ಆದರೆ ಹಾಗೆ ಒಣಗಿದ ಕೊಬ್ಬರಿಯನ್ನು ಸುಲಿಸಿ ತಿಪಟೂರಿನ ಮಾರುಕಟ್ಟೆಗೆ ಎಂದು ಒಯ್ಯಬೇಕೆಂಬ ನಿರ್ಣಯವು ಮಾತ್ರ ಆಯಾ ದಿನದ ಧಾರಣೆಯ ವಾರ್ತೆಯನ್ನೇ ಅವಲಂಬಿಸಿರುವುದು. ಆ ವಾರ್ತೆ ಸಕಾಲದಲ್ಲಿ ಮುಟ್ಟಬೇಕಾದರೆ ಹಳ್ಳಿಗೆ ತಕ್ಕ ಯಂತ್ರವಿರಬೇಕು. ಅಂತಹ ಯಂತ್ರವು ಪಟ್ಟಣದ ಯಂತ್ರದ ಅಗ್ಗದ ಪ್ರತಿಯಲ್ಲವೆಂಬುದನ್ನು ಕನ್ನಡನಾಡು ರೂಟರು ಬರುವುದಕ್ಕೆ ಮುಂಚೆಯೇ, ದೂರವಾಣಿಯ ಕಾಲದಲ್ಲಿ ಕಂಡುಕೊಂಡಿತ್ತು.

1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಕರೆಗಳನ್ನು ಜೋಡಿಸುವ, ಪಾಶ್ಚಾತ್ಯ ಮೂಲದ ಸ್ಟ್ರೌಜರ್ ಮಾದರಿಯ ಯಂತ್ರಗಳನ್ನು ದೀರ್ಘಕಾಲ ನಿರ್ಮಿಸಿತು. ಪಾಶ್ಚಾತ್ಯ ದೇಶಗಳಲ್ಲಿ ದೂರವಾಣಿಗಳು ವಿಪುಲವಾಗಿ, ಒಂದೊಂದರ ಮೇಲಿನ ಕರೆಗಳು ವಿರಳವಾಗಿದ್ದುವು. ನಮ್ಮಲ್ಲಿಯಾದರೋ ದೂರವಾಣಿ ವಿರಳವಾಗಿ, ಇದ್ದ ಒಂದನ್ನೇ ಊರೆಲ್ಲ ಬಳಸುವುದರಿಂದ ಕರೆಗಳು ಒತ್ತೊತ್ತಾಗಿ ಬರುತ್ತಿದ್ದುವು. ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿಯೇ ಕರೆಗಳ ದಟ್ಟಣೆಯನ್ನು ಗಣಿತಕ್ಕೆ ಒಳಪಡಿಸಿದ್ದನಾದರೂ, ಅನ್ಯರ ದಟ್ಟಣೆಗೆಂದು ಅಳೆದು ಮಾಡಿದ ಯಂತ್ರವು ನಮ್ಮ ದಟ್ಟಣೆಯನ್ನು ಹೇಗೆ ತಾಳೀತು? 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ ಹುಟ್ಟಿದ ಸಿ-ಡಾಟ್ ಸಂಸ್ಥೆಗೆ ಸರ್ಕಾರವು 3 ವರ್ಷಗಳ ಅವಧಿಯನ್ನೂ 36 ಕೋಟಿ ರೂಪಾಯಿಗಳನ್ನೂ ನೀಡಿತು. ಅದು ರೂಪಿಸಿದ, 128 ಸಂಪರ್ಕಸ್ಥಾನಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯಕೇಂದ್ರವು ಮೊದಲು ನೆಲೆಗೊಂಡದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಹವಾನಿಯಂತ್ರಿತ ಕೊಠಡಿಯನ್ನು ಬೇಡದೆ, ಬಿಸಿಲು ದೂಳುಗಳ ನಡುವೆ, ಅಲ್ಪ ವಿದ್ಯುತ್ತಿನಲ್ಲಿ ದುಡಿಯಬಲ್ಲುದಾಗಿದ್ದುದೇ ಅದರ ಶ್ರೇಷ್ಠತೆ. ರಾಣಿ ಚೆನ್ನಮ್ಮನ ಹೆಸರಿನಿಂದ ಪ್ರಸಿದ್ಧವಾದ ಆ ಊರನ್ನು ಈ ಕಾರಣಕ್ಕಾಗಿಯೂ ಸ್ಮರಿಸತಕ್ಕದ್ದೆಂದು ನಾನು ಭಾವಿಸುತ್ತೇನೆ.

ಅದೇ 1986ರಲ್ಲಿ ಅಮೆರಿಕದ ಎನ್‌ಎಸ್‌ಎಫ್‌ನೆಟ್ ಜಾಲವು ತನ್ನ ಪ್ರಥಮ ಬೆನ್ನೆಲುಬನ್ನು ಕಟ್ಟಿತು. ಸೆಕೆಂಡಿಗೆ 56 ಕಿಲೋಬಿಟ್ ಸಾಗಿಸುವ ತಂತಿಗಳ ಸಂಧಿಗಳಲ್ಲಿ, ಡೇವಿಡ್ ಮಿಲ್ಸ್ ರಚಿಸಿದ ‘ಫಜ್‌ಬಾಲ್’ ತಂತ್ರಾಂಶವನ್ನು ನಡೆಸುವ ಸಣ್ಣ ಗಣಕಗಳೇ ರೂಟರುಗಳಾಗಿದ್ದುವು. 1969ರ ಅರ್ಪಾನೆಟ್ಟಿನ ಭಾರಿ ಪೆಟ್ಟಿಗೆಗಳಿಂದ ಮೊದಲ್ಗೊಂಡು ಅಲ್ಲಿಯ ತನಕ ಈ ಉಪಕರಣವು ವಿಶ್ವವಿದ್ಯಾಲಯಗಳ, ಸರ್ಕಾರಗಳ ಸ್ವತ್ತಾಗಿಯೇ ಉಳಿದಿತ್ತು. ಗೃಹಸ್ಥನ ಕೈಗೆ ಅದರ ಅಂತರಂಗ ದೊರಕಿದ ಬಗೆ ಕುತೂಹಲಕರವಾದುದು: 2002ರ ಕೊನೆಯಲ್ಲಿ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ಪೆಟ್ಟಿಗೆಯೊಳಗೆ ಲಿನಕ್ಸ್ ಇದೆಯೆಂಬುದನ್ನು ಬಳಕೆದಾರರು ಪತ್ತೆಹಚ್ಚಿದರು, ಲಿನಕ್ಸಿನ ಪರವಾನಗಿಯ ನಿಯಮದಂತೆ ಅದರ ಮೂಲಸಂಕೇತವನ್ನು 2003ರಲ್ಲಿ ಪ್ರಕಟಿಸಬೇಕಾಯಿತು, 2004ರಲ್ಲಿ ಅದರಿಂದಲೇ ರೂಟರಿನ ಮುಕ್ತ ತಂತ್ರಾಂಶವಾದ ಓಪನ್‌ಡಬ್ಲ್ಯುಆರ್‌ಟಿ ಜನಿಸಿತು. 16 ಎಂಬಿ ಸ್ಮೃತಿಯ ಆ ಬಡ ಪೆಟ್ಟಿಗೆಯು ಅಂದಿನಿಂದ ದುಬಾರಿ ಯಂತ್ರಗಳ ಕಾರ್ಯವನ್ನು ಕಲಿಯತೊಡಗಿತು.

ಮುಂದೆ ಸ್ಮೃತಿ ಅಗ್ಗವಾದಂತೆ ಹೊಸದೊಂದು ವ್ಯಾಧಿ ತೋರಿಬಂದಿತು. ತಯಾರಕರು ಯಾವ ದತ್ತಾಂಶವನ್ನೂ ಕಳೆದುಕೊಳ್ಳಬಾರದೆಂದು ರೂಟರಿನಲ್ಲಿ ಅಪಾರ ದಾಸ್ತಾನಿನ ಜಾಗವಿಟ್ಟರು. ಪರಿಣಾಮವಾಗಿ ಸಾಲು ಬೆಳೆದು, ಕಳೆಯುವುದರ ಬದಲು ಕಾಯುವುದೇ ದೊಡ್ಡ ಸಂಕಟವಾಯಿತು. 2010ರ ಸುಮಾರಿಗೆ ಜಿಮ್ ಗೆಟಿಸ್ ಇದರ ಮೇಲೆ ಲೋಕದ ಗಮನವನ್ನು ಸೆಳೆದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಸೂಚಿಸಿದ ‘ಕೋಡೆಲ್’ ವಿಧಾನವೂ, ಅದನ್ನು ಒಳಗೊಂಡು ಪ್ರತಿಯೊಂದು ಪ್ರವಾಹಕ್ಕೂ ಬೇರೆ ಸಾಲು ನೀಡುವ ವ್ಯವಸ್ಥೆಯೂ ಅದೇ ವರ್ಷ ಲಿನಕ್ಸನ್ನು ಸೇರಿದುವು. 2018ರಲ್ಲಿ ಅದೇ ಬಗೆಯ ‘ಕೇಕ್’ ಎಂಬ ವಿಧಾನವೂ ಬಂದಿತು. ತೂಬಿನ ನೀರು ಮೊದಲ ಗದ್ದೆಯಲ್ಲಿಯೇ ನಿಂತುಬಿಡದಂತೆ ನೀರಗಂಟಿಯು ಸರದಿಯಿಟ್ಟು ಕಡೆಯ ಗದ್ದೆಗೂ ಹಾಯಿಸುವಂತೆ, ಇವು ಒಬ್ಬನ ಚಲಚ್ಚಿತ್ರದ ಹೊನಲಿನ ನಡುವೆ ಮತ್ತೊಬ್ಬನ ಸಣ್ಣ ಸಂದೇಶಕ್ಕೆ ದಾರಿ ಮಾಡಿಕೊಡುತ್ತವೆ. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಬಂದ ಮೇಲೆ ಕೊಬ್ಬರಿಯ ಧಾರಣೆಯೂ ಗಣಕದ ಟೆಂಡರಿನಲ್ಲಿಯೇ ನಿರ್ಣಯವಾಗುತ್ತಿರಲು, ಆ ಸಣ್ಣ ಸಂದೇಶದ ಬೆಲೆಯನ್ನು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ.

2011ರಲ್ಲಿ ಅನುಮೋದನೆ ಪಡೆದು ಬಳಿಕ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯು ಗ್ರಾಮಪಂಚಾಯತಿಯ ಬಾಗಿಲಿಗೆ ಬೆಳಕಿನ ನೂಲೆಳೆಯನ್ನು (ಆಪ್ಟಿಕಲ್ ಫೈಬರ್) ತರುವ ಸಂಕಲ್ಪ ಮಾಡಿತು; ಬಾಗಿಲಿನಿಂದ ಒಳಗಿನ ಆಯ್ಕೆ ಮಾತ್ರ ನಮ್ಮದು. ಅಂಗಡಿಯವನು ತೋರಿಸುವ ಆಂಟೆನಾಗಳ ಸಂಖ್ಯೆಯಾಗಲಿ, ಡಬ್ಬಿಯ ಮೇಲಿನ ಗಿಗಾಬಿಟ್ ಅಂಕಿಯಾಗಲಿ ಇಲ್ಲಿ ಪ್ರಮಾಣವಲ್ಲ. ಸರದಿಯಿಡುವ ಕೆಲಸವನ್ನು ಸಾಮಾನ್ಯವಾಗಿ ಮುಖ್ಯ ಸಂಸ್ಕಾರಕವೇ ಮಾಡಬೇಕಾದುದರಿಂದ, ಸುಮ್ಮನೆ ಸಾಗಿಸುವಾಗ ಗಿಗಾಬಿಟ್ ದಾಟುವ ಪೆಟ್ಟಿಗೆಯು ಸರದಿಯಿಡಹೋದಾಗ ಅದರ ಅಲ್ಪಾಂಶಕ್ಕೇ ದಣಿಯಬಹುದು. ಆದರೆ ಹಳ್ಳಿಯ ಸಂಪರ್ಕ 40–50 ಮೆಗಾಬಿಟ್‌ನದಾದರೆ ಸಾಧಾರಣ ಪೆಟ್ಟಿಗೆಯೂ ಧಾರಾಳವಾಗಿ ಸಾಕು. ಓಪನ್‌ಡಬ್ಲ್ಯುಆರ್‌ಟಿಯನ್ನು ತಾಳಬಲ್ಲ 16 ಎಂಬಿ ಫ್ಲ್ಯಾಷ್, 128 ಎಂಬಿ ಸ್ಮೃತಿ ಇದ್ದರೆ ತಂತ್ರಾಂಶವು ಕಾಲಕಾಲಕ್ಕೆ ಹೊಸದಾಗುತ್ತಿರುತ್ತದೆ. 1996ರಲ್ಲಿ ಲಾಟ್ವಿಯಾದಲ್ಲಿ ಆರಂಭವಾದ ಮೈಕ್ರೋಟಿಕ್ ಸಂಸ್ಥೆಯ ಸಣ್ಣ ಪೆಟ್ಟಿಗೆಗಳೂ ಇದೇ ಬಗೆಯ ನಿಯಂತ್ರಣವನ್ನು ಒದಗಿಸುತ್ತವೆ. 12 ವೋಲ್ಟಿನಲ್ಲಿ ನಡೆಯುವಂಥದಾದರೆ ಕರೆಂಟು ಹೋದಾಗ ಸಣ್ಣ ಬ್ಯಾಟರಿಯೊಂದೇ ಅದನ್ನು ಉಳಿಸೀತು. ಬೀಸಣಿಗೆಯುಳ್ಳ ಹಳೆಯ ಗಣಕವನ್ನು ರೂಟರಾಗಿಸುವ ಮಿತವ್ಯಯಿಗಳಿದ್ದಾರೆ; ನಾರಿನ ದೂಳು ಹಾರುವ ನಮ್ಮ ಜಗಲಿಗಳಲ್ಲಿ ಅದು ಸಲ್ಲದು.

ಕೊಂಡ ಮೇಲೆ ಮಾಡಬೇಕಾದ ಮೊದಲ ಕೆಲಸವೆಂದರೆ, ನಿಜವಾಗಿ ದೊರೆಯುವ ವೇಗವನ್ನು ಅಳೆದು, ಅದಕ್ಕಿಂತ ತುಸು ಕಡಮೆಯಾದ ಮಿತಿಯನ್ನು ರೂಟರಿನಲ್ಲಿ ವಿಧಿಸುವುದು. ಆಗ ಸಾಲು ಸಂಪರ್ಕದಾತನ ದೂರದ ಯಂತ್ರದಲ್ಲಿ ನಿಲ್ಲದೆ ನಮ್ಮ ಪೆಟ್ಟಿಗೆಯಲ್ಲಿಯೇ ನಿಂತು, ನಾವು ಇಟ್ಟ ಸರದಿಗೆ ಒಳಪಡುವುದು.