ತಂದೆಯ ಮನೆ, ಮಕ್ಕಳ ಮಹಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆತನಗಳವರು ಈ ಗಾದೆಗೆ ಇನ್ನೊಂದು ತುಂಡನ್ನು ಸೇರಿಸಬಹುದಿತ್ತು: ಮಕ್ಕಳ ಮದುವೆಯಾದ ಮೇಲೆ ಮಹಡಿ ಎಬ್ಬಿಸಿ ನೋಡು! ಹೊರನಾಡಿನಲ್ಲಿರುವ ನಮ್ಮಲ್ಲಿ ಹಲವರು ರಜೆಗೆ ಊರಿಗೆ ಹೋದಾಗ ಹಾಸಿಗೆ ಬಿಡಿಸುವುದು ಅಂಥದೊಂದು ಮಹಡಿಯ ಕೋಣೆಯಲ್ಲಿಯೇ. ಕೆಳಗೆ ದಪ್ಪ ಗೋಡೆ, ಕೆಂಪು ಗಾರೆಯ ನೆಲ. ಮೇಲೆ ತೆಳು ಗೋಡೆ, ಕಾಂಕ್ರೀಟಿನ ಚಾವಣಿ. ಒಂದೇ ಮನೆಯಲ್ಲಿ ಎರಡು ಕಾಲ. ಈ ಎರಡನೆಯ ಕಾಲ ಮನೆಯ ತಲೆಯ ಮೇಲೆ ಬಂದು ಕುಳಿತದ್ದು ಹೇಗೆ?

ಈ ಬಡಾವಣೆಗಳ ಕಥೆ ಆರಂಭವಾಗುವುದು ಪ್ಲೇಗಿನಿಂದ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಕಿಕ್ಕಿರಿದ ಪೇಟೆಯ ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಜನ ಸತ್ತರು. ಉಳಿದವರು ಊರ ಹೊರಗೆ ಓಡಿದರು. ಹೊಸದಾಗಿ ಗುರುತಿಸಿದ್ದ ಬಸವನಗುಡಿ, ಮಲ್ಲೇಶ್ವರಗಳು ಅನಂತರ ಬೇಗ ಬೆಳೆದವು. ನೇರವಾದ ಅಗಲ ರಸ್ತೆ, ಮನೆಯ ಮುಂದೆ ತೋಟ, ಹಿಂದೆ ಜಾಡಮಾಲಿಗಳು ಓಡಾಡಲೊಂದು ಓಣಿ. ಆರೋಗ್ಯವೇ ಇಲ್ಲಿನ ವಾಸ್ತುಶಾಸ್ತ್ರ. ಜಾಗಕ್ಕೆ ಕೊರತೆಯಿಲ್ಲದ್ದರಿಂದ ಸಾಮಾನ್ಯ ಗೃಹಸ್ಥರು ಮನೆಯನ್ನು ಅಡ್ಡಕ್ಕೆ ಹರಡಿಕೊಂಡರೇ ಹೊರತು ಮೇಲಕ್ಕೆ ಏರಿಸಲಿಲ್ಲ.

ಹೀಗೆ ಕಟ್ಟಿದ ಮನೆಗಳ ಮಾಡು ಹೆಚ್ಚಾಗಿ ಎರಡು ಬಗೆಯದು. ಒಂದು ಮಂಗಳೂರು ಹೆಂಚಿನದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹುಟ್ಟಿದ ಉದ್ಯಮ ಆ ಹೆಂಚನ್ನು ದೇಶದ ತುಂಬ ಹರಡಿತ್ತು. ಇನ್ನೊಂದು ಮದರಾಸು ತಾರಸಿ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಿಂದ ಕೂಡಿಸಿ, ಮೇಲೆ ಇಟ್ಟಿಗೆಚೂರು ಸುಣ್ಣಗಳ ದಪ್ಪ ಪದರವನ್ನು ಬಡಿದು ಕೂರಿಸುತ್ತಿದ್ದರು. ಹಪ್ಪಳ ಒಣಗಿಸಲು, ಬೇಸಿಗೆಯ ರಾತ್ರಿ ಮಲಗಲು ಅದು ಸೊಗಸು. ಮೇಲೆ ಗೋಡೆ ಹೊರಲು ಅಲ್ಲ. ಆದ್ದರಿಂದ ಮಹಡಿ ಬೇಕೆಂದವರು ಹೆಂಚಿನ ಮಾಡನ್ನು ಪೂರ್ತಿ ಕಳಚಬೇಕಾಗಿತ್ತು. ತಾರಸಿಯ ಮನೆಯಲ್ಲಾದರೆ ಮೇಲಿನ ಗೋಡೆ ಕೆಳಗಿನ ಗೋಡೆಯ ನೆತ್ತಿಯ ಮೇಲೆಯೇ ನಿಲ್ಲಬೇಕು. ಮಹಡಿಯ ಕೋಣೆಗಳು ಅನೇಕ ಕಡೆ ಕೆಳಗಿನವುಗಳ ಪಡಿಯಚ್ಚಿನಂತಿರುವುದಕ್ಕೆ ಇದೇ ಕಾರಣ. ತಂದೆ ಹಾಕಿದ ತಳಪಾಯ ಎಷ್ಟು ಹೊರಬಲ್ಲುದೋ ಅಷ್ಟೇ ಮಕ್ಕಳ ಆಸೆ.

ಆಸೆಗೆ ಕಾರಣ ಊರು ಬೆಳೆದದ್ದು. 1940ರಲ್ಲಿ ವಿಮಾನ ಕಾರ್ಖಾನೆ ಬಂತು. 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. 1941ರಲ್ಲಿ ಸುಮಾರು ನಾಲ್ಕು ಲಕ್ಷವಿದ್ದ ಜನಸಂಖ್ಯೆ 1951ಕ್ಕೆ ಎಂಟು ಲಕ್ಷದ ಹತ್ತಿರ ಬಂತು. 1981ಕ್ಕೆ ಇಪ್ಪತ್ತೊಂಬತ್ತು ಲಕ್ಷ ದಾಟಿತು. ಒಂದು ಸಂಸಾರಕ್ಕೆಂದು ಕಟ್ಟಿದ ಮನೆಯಲ್ಲಿ ಮೂರು ಸಂಸಾರಗಳಾದವು. ಹೊಸ ನಿವೇಶನ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಆಕಾಶಕ್ಕಾದರೋ ಬೆಲೆ ಕೊಡಬೇಕಾಗಿರಲಿಲ್ಲ.

ಉಳಿದ ಎಲ್ಲಕ್ಕೂ ಕೊಡಬೇಕಾಗಿತ್ತು. ಸಿಮೆಂಟಿನ ಬೆಲೆ ಹಂಚಿಕೆಗಳೆರಡೂ ಸರಕಾರದ ಹಿಡಿತದಲ್ಲಿದ್ದ ಕಾಲ ಅದು. 1982ರಲ್ಲಿ ಹಿಡಿತ ಸ್ವಲ್ಪ ಸಡಿಲವಾಯಿತು, 1989ರಲ್ಲಿ ಪೂರ್ಣವಾಗಿ ಹೋಯಿತು. ಅಲ್ಲಿಯವರೆಗೆ ಪರ್ಮಿಟ್ಟಿಗಾಗಿ ಅಲೆದು, ಬಂದಷ್ಟು ಮೂಟೆಗಳಲ್ಲಿ ಕೆಲಸ ನಡೆಸಿ, ಮಿಕ್ಕದ್ದನ್ನು ಮುಂದಿನ ವರ್ಷಕ್ಕೆ ಬಿಟ್ಟ ಮನೆಗಳು ಎಷ್ಟೋ. ಸಾಲವೂ ಸುಲಭವಿರಲಿಲ್ಲ; ಗೃಹಸಾಲಕ್ಕೆಂದೇ ಎಚ್.ಡಿ.ಎಫ್.ಸಿ. ಮುಂಬಯಿಯಲ್ಲಿ ಸ್ಥಾಪನೆಯಾದದ್ದು 1977ರಲ್ಲಿ. ಅದಕ್ಕೆ ಮೊದಲು ಪ್ರಾವಿಡೆಂಟ್ ಫಂಡು, ಹೆಂಡತಿಯ ಬಳೆ, ಇಲ್ಲವೆ ಮುಂಬಯಿ ದಿಲ್ಲಿಗಳಲ್ಲಿದ್ದ ಮಗನ ಡ್ರಾಫ್ಟು. ಕಟ್ಟಿದ ಮೇಲೂ ನಲ್ಲಿಯ ನೀರು ಮಹಡಿ ಹತ್ತುತ್ತಿರಲಿಲ್ಲ. 1974ರಲ್ಲಿ ಕಾವೇರಿ ಬೆಂಗಳೂರಿಗೆ ಬಂದಳಾದರೂ ಮೇಲಕ್ಕೆ ಹತ್ತಿಸಲು ಅಂಗಳದಲ್ಲಿ ಸಂಪು, ಮೇಲೆ ತೊಟ್ಟಿ, ನಡುವೆ ಪಂಪು ಬೇಕಾಯಿತು.

ಮಹಡಿಯಿಂದ ಕೆಟ್ಟದ್ದೂ ಆಯಿತು, ಒಳ್ಳೆಯದೂ ಆಯಿತು. ಗಾಳಿ ಬೆಳಕಿಗಾಗಿಯೇ ಹುಟ್ಟಿದ ಬಡಾವಣೆಯಲ್ಲಿ ನೆರೆಮನೆಯ ಬಿಸಿಲು ತಪ್ಪಿತು. ಪಕ್ಕದವರ ಹಿತ್ತಿಲ ಗುಟ್ಟು ನಮ್ಮ ಕಿಟಕಿಗೆ ಕಂಡಿತು. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಮೊದಲಿಗೆ ಈ ಬಡಾವಣೆಗಳಲ್ಲಿ ಜಾತಿವಾರು ವಿಭಾಗ ಮಾಡಿ ನಿವೇಶನ ಹಂಚಿದ್ದುಂಟು. ಹೊರಗಿನಿಂದ ಮೆಟ್ಟಿಲಿಟ್ಟು ಮಹಡಿಯನ್ನು ಬಾಡಿಗೆಗೆ ಕೊಟ್ಟಾಗ ಆ ಮೆಟ್ಟಿಲನ್ನೇರಿ ಬೇರೆ ಊರಿನವರು, ಬೇರೆ ಭಾಷೆಯವರು, ನಿಧಾನವಾಗಿ ಬೇರೆ ಜಾತಿಯವರೂ ಬಂದರು. ಯಾವ ಭಾಷಣವೂ ಮಾಡದಿದ್ದುದನ್ನು ಬಾಡಿಗೆಯ ಅಗತ್ಯ ಅಷ್ಟಿಷ್ಟು ಮಾಡಿತು.

ನಮ್ಮಂಥವರಿಗೆ ತಟ್ಟುವ ವಿಷಯ ಇನ್ನೊಂದಿದೆ. ನಿವೇಶನ ತಂದೆಯ ಹೆಸರಿನಲ್ಲಿ. ಹಣ ಹೊರನಾಡಿನ ಮಗನದು. ಮೇಸ್ತ್ರಿಯ ಮುಂದೆ ಬಿಸಿಲಲ್ಲಿ ನಿಂತವನು ಊರಿನಲ್ಲಿದ್ದ ತಮ್ಮ. ಹಾಗಾದರೆ ಮಹಡಿ ಯಾರದು? ತಂದೆ ಇರುವವರೆಗೆ ಈ ಪ್ರಶ್ನೆ ಏಳುವುದಿಲ್ಲ. ಅವರು ಉಯಿಲು ಬರೆಯದೆ ತೀರಿಕೊಂಡರೆ, ಅವರ ಸ್ವಯಾರ್ಜಿತ ಮನೆಯಲ್ಲಿ ತಾಯಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು ಎನ್ನುತ್ತದೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಆದರೆ ಅದೇ ಕಾಯ್ದೆಯ 23ನೆಯ ಕಲಮು, ಗಂಡುಮಕ್ಕಳು ಭಾಗವಾಗಲು ಒಪ್ಪುವವರೆಗೆ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಬಿಡಿಸಿಕೊಳ್ಳುವಂತಿಲ್ಲ ಎಂದಿತ್ತು. ಆ ಕಲಮು ಹೋದದ್ದು 2005ರಲ್ಲಿ. ಅಲ್ಲಿಯವರೆಗೆ ಅಣ್ಣ ಕೆಳಗೆ, ತಮ್ಮ ಮೇಲೆ ಎಂದು ಮನೆ ಹಂಚಿಹೋದಾಗ ಅಕ್ಕತಂಗಿಯರ ಪಾಲು ಅನೇಕ ಕಡೆ ಅರಿಸಿನ ಕುಂಕುಮಕ್ಕೆ ನಿಂತಿತು. ಕಾಗದವಿಲ್ಲದೆ ಹಣ ಕಳಿಸಿದ ಮಗನಿಗೂ ಕೈಯಲ್ಲಿ ಉಳಿದದ್ದು ಬೇಸಗೆಯ ರಜೆಯ ಕೋಣೆ ಮಾತ್ರ.

ಇಂದು ಆ ಬೀದಿಗಳಲ್ಲಿ ಅನೇಕ ಮನೆಗಳಿದ್ದ ಜಾಗದಲ್ಲಿ ಫ್ಲಾಟುಗಳು ನಿಂತಿವೆ. ಮಹಡಿ ಹಳೆಯ ಮನೆಯ ಅಂದ ಕೆಡಿಸಿತೆಂದು ದೂರುವವರಿದ್ದಾರೆ; ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಎಷ್ಟೋ ಕಡೆ ಕೆಳಗಿನ ಮನೆ ಉಳಿದದ್ದು ಮೇಲಿನ ಮಹಡಿಯಿಂದಲೇ. ಸಂಸಾರಕ್ಕೆ ಜಾಗವಾಯಿತು, ಮುದುಕರಿಗೆ ಬಾಡಿಗೆ ಬಂತು, ಕೆಡವುವ ಮಾತು ಒಂದು ತಲೆಮಾರು ಮುಂದಕ್ಕೆ ಹೋಯಿತು.

ಮುಂದಿನ ಸಲ ಊರಿಗೆ ಹೋದಾಗ ಹಿರಿಯರು ಇನ್ನೂ ಇದ್ದರೆ, ಮಹಡಿ ಯಾವ ವರ್ಷದ್ದು, ಯಾರ ದುಡ್ಡಿನದು, ಯಾರ ದುಡಿಮೆಯದು ಎಂದು ಕೇಳಿ ಬರೆದಿಡೋಣ. ಅಕ್ಕತಂಗಿಯರನ್ನೂ ಕೂಡಿಸಿಕೊಂಡು, ಅವರ ಮುಂದೆಯೇ ಬರೆಯೋಣ.