ಕರಡಿಯ ಚರ್ಮ ಮಾರಿದವರು

ಷೇರು ಸೂಚ್ಯಂಕ ಕುಸಿದರೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ 'ಕರಡಿ ಕುಣಿತ' ಎಂಬ ತಲೆಬರಹ ಬರುತ್ತದೆ. ನನಗೆ ಅದು ಎಂದೂ ಒಗ್ಗಿಲ್ಲ. ಬಾಲ್ಯದಲ್ಲಿ ಊರಿಗೆ ಕರಡಿ ಬಂದರೆ, ಬೆಚ್ಚುವ ಮಕ್ಕಳನ್ನು ಭಯ ಹೋಗಲೆಂದು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು. ಭಯ ಬಿಡಿಸುವ ಪ್ರಾಣಿ ಪೇಟೆಯಲ್ಲಿ ಭಯದ ಗುರುತಾದದ್ದು ಹೇಗೆ?

ಗೂಳಿ ಕೊಂಬಿನಿಂದ ಮೇಲಕ್ಕೆ ಎತ್ತುತ್ತದೆ, ಕರಡಿ ಪಂಜದಿಂದ ಕೆಳಕ್ಕೆ ಬಡಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಇದು ಆಮೇಲೆ ಹೊಂದಿಸಿಕೊಂಡ ವಿವರಣೆ. ಮೂಲ ಇರುವುದು ಯುರೋಪಿನ ಒಂದು ಹಳೆಯ ಗಾದೆಯಲ್ಲಿ: ಕರಡಿಯನ್ನು ಹಿಡಿಯುವ ಮೊದಲೇ ಅದರ ಚರ್ಮ ಮಾರಬೇಡ. ನಮ್ಮ 'ಕೂಸು ಹುಟ್ಟುವ ಮುನ್ನ ಕುಲಾವಿ'ಗೆ ಇದು ದೂರದ ನೆಂಟ.

ಲಂಡನ್ನಿನ ಎಕ್ಸ್‌ಚೇಂಜ್ ಆಲಿ ಎಂಬ ಇಕ್ಕಟ್ಟಾದ ಓಣಿಯಲ್ಲಿ, ಜೊನಾಥನ್ಸ್ ಕಾಫಿ ಹೌಸ್‌ನಲ್ಲಿ ಷೇರು ದಲಾಲರು ಸೇರುತ್ತಿದ್ದರು. ಅವರಲ್ಲಿ ಕೆಲವರು ತಮ್ಮ ಬಳಿ ಇಲ್ಲದ ಷೇರನ್ನೇ ಮಾರುತ್ತಿದ್ದರು. ಇಂದು 100 ಪೌಂಡಿಗೆ ಮಾರಿ, ಒಪ್ಪಿಸುವ ದಿನದೊಳಗೆ ಬೆಲೆ 80ಕ್ಕೆ ಇಳಿದರೆ ಆಗ ಕೊಂಡು ಕೊಟ್ಟು 20 ಪೌಂಡ್ ಉಳಿಸಿಕೊಳ್ಳುವುದು ಅವರ ಲೆಕ್ಕ. ಬೆಲೆ ಏರಿತೋ, ನಷ್ಟ. ಇಂಥವರಿಗೆ 'ಕರಡಿಚರ್ಮದ ದಲಾಲ' ಎಂಬ ಹೆಸರು ಬಿತ್ತು. ಬರಬರುತ್ತಾ ಬರೀ 'ಕರಡಿ' ಉಳಿಯಿತು. 1709ರಲ್ಲಿ ರಿಚರ್ಡ್ ಸ್ಟೀಲ್ ತನ್ನ 'ಟ್ಯಾಟ್ಲರ್' ಪತ್ರಿಕೆಯಲ್ಲಿ ಈ ಪದ ಬಳಸಿ, ಸಭ್ಯರಿಗೆ ಇದು ಅರ್ಥವಾಗಲಾರದು ಎಂದು ತಾನೇ ಬಿಡಿಸಿ ಹೇಳಿದ. ಗೂಳಿ ಜೊತೆಗೂಡಿದ್ದು ಕೆಲವು ವರ್ಷಗಳ ನಂತರ.

1720ರಲ್ಲಿ ಸೌತ್ ಸೀ ಕಂಪನಿಯ ಷೇರು ಬೇಸಿಗೆಯಲ್ಲಿ ಸುಮಾರು 1000 ಪೌಂಡಿಗೆ ಏರಿ, ವರ್ಷ ಮುಗಿಯುವುದರೊಳಗೆ 200ಕ್ಕಿಂತ ಕೆಳಗೆ ಬಿತ್ತು. ಮನೆ ಮುಳುಗಿದವರ ಸಿಟ್ಟು ಷೇರು ದಲಾಲರ ಮೇಲೆ ತಿರುಗಿತು. ಕೈಯಲ್ಲಿಲ್ಲದ ಷೇರು ಮಾರುವುದನ್ನು 1734ರ ಬರ್ನಾರ್ಡ್ ಕಾಯಿದೆ ನಿಷೇಧಿಸಿತು. ವ್ಯವಹಾರವೇನೂ ನಿಲ್ಲಲಿಲ್ಲ, 1860ರಲ್ಲಿ ಕಾಯಿದೆಯೇ ರದ್ದಾಯಿತು. ನನಗನ್ನಿಸುವಂತೆ ತಪ್ಪು ಹೊರಿಸಿದ್ದು ಅರ್ಧ ಅನ್ಯಾಯ: ಷೇರನ್ನು 1000ಕ್ಕೆ ಏರಿಸಿದವರು ಕರಡಿಗಳಲ್ಲವಲ್ಲ!

ಹೀಗೆ 'ಕರಡಿ' ಮೊದಲು ಒಬ್ಬ ಮನುಷ್ಯ, ಒಂದು ಬಗೆಯ ಮಾರಾಟಗಾರ. ಪೇಟೆಯ ಮಂಕು ಮನಸ್ಥಿತಿ ಎಂಬ ಅರ್ಥ ಆಮೇಲಿನದು. ಸೂಚ್ಯಂಕ ಶೇ 20 ಇಳಿದರೆ 'ಕರಡಿ ಪೇಟೆ' ಎನ್ನುವ ರೂಢಿ ಇನ್ನೂ ಈಚಿನದು. ಕನ್ನಡಕ್ಕೆ ಬರುವಾಗ ಪ್ರಾಣಿ ಬಂತು, ಚರ್ಮ ಅಲ್ಲೇ ಉಳಿಯಿತು. ಮುಂಬೈಯ ಹಳೆಯ ದಲಾಲರಿಗಾದರೋ ಯಾವ ಪ್ರಾಣಿಯೂ ಬೇಕಿರಲಿಲ್ಲ. ಏರಿದರೆ ತೇಜಿ, ಇಳಿದರೆ ಮಂದಿ.