ಸಾರಾಯಿ ನಿಷೇಧ: ಬಡವರ ಆಯ್ಕೆ, ಸರ್ಕಾರದ ಹೊಣೆ

ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದು 2007ರ ಜುಲೈ 1ರಂದು. ಆ ವರ್ಷದ ಬಜೆಟ್‌ನಲ್ಲಿ ಈ ನಿಷೇಧವನ್ನು ಪ್ರಕಟಿಸಿದವರು ಅಂದಿನ ಉಪಮುಖ್ಯಮಂತ್ರಿ, ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ. ಪ್ರಜೆಗಳ ಒಳಿತಿಗಾಗಿ ಅವರ ಆಯ್ಕೆಗೆ ಸರ್ಕಾರ ಎಷ್ಟರ ಮಟ್ಟಿಗೆ ತಡೆ ಹಾಕಬಹುದು ಎಂಬ ಹಳೆಯ ಪ್ರಶ್ನೆಗೆ ಇದು ನಾಡಿನ ಸ್ಪಷ್ಟ ನಿದರ್ಶನ.

ಮದ್ಯನಿಯಂತ್ರಣ ರಾಜ್ಯಕ್ಕೆ ಹೊಸದಾಗಿರಲಿಲ್ಲ. ಮಾದಕ ಪಾನೀಯಗಳ ನಿಷೇಧಕ್ಕೆ ಸರ್ಕಾರ ಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಮೈಸೂರು ರಾಜ್ಯ 1961ರಲ್ಲಿ ಪಾನನಿರೋಧ ಕಾಯ್ದೆ ರೂಪಿಸಿತು. ಆ ದಶಕ ಮುಗಿಯುವ ಮೊದಲೇ ಅದನ್ನು ಕೈಬಿಟ್ಟಿತು. ಬಳಿಕ 1965ರ ಅಬಕಾರಿ ಕಾಯ್ದೆಯ ಅಡಿಯಲ್ಲಿ ಪರವಾನಗಿ ಮತ್ತು ತೆರಿಗೆಯ ವ್ಯವಸ್ಥೆ ನಡೆಯಿತು. ಸಾರಾಯಿಯ ಗುತ್ತಿಗೆಯನ್ನು ಸರ್ಕಾರವೇ ಹರಾಜು ಹಾಕುತ್ತಿತ್ತು. ಹಮಾಲರು, ತೋಟದ ಆಳುಗಳು, ದಿನಗೂಲಿಯವರ ಕೈಗೆಟುಕುತ್ತಿದ್ದ ಕುಡಿತ ಅದು. ಕೂಲಿಯ ಹಣ ಮನೆ ಸೇರುವ ಮೊದಲೇ ಅಂಗಡಿಯಲ್ಲಿ ಕರಗಿದಾಗ ಅದರ ಬೇಗೆ ತಟ್ಟುತ್ತಿದ್ದುದು ಹೆಂಗಸರು, ಮಕ್ಕಳಿಗೆ.

ನ್ಯಾಯಾಲಯಗಳು ಸರ್ಕಾರದ ಅಧಿಕಾರವನ್ನು ಎತ್ತಿಹಿಡಿದಿವೆ. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ, ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದಿತು. ಆದರೆ ಕಾನೂನಿನ ಬಲ ಇದ್ದ ಮಾತ್ರಕ್ಕೆ ನೈತಿಕ ಪ್ರಶ್ನೆ ಬಗೆಹರಿಯದು. ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರಲ್ಲೇ ಪಾನನಿಷೇಧವನ್ನು ವಿರೋಧಿಸಿದ್ದ. ಕುಡಿತ ತಗ್ಗಿಸಲೆಂದೇ ಬೆಲೆ ಏರಿಸಿದರೆ, ಆ ಬೆಲೆ ತೆರಲಾಗದವನ ಪಾಲಿಗೆ ಅದೂ ನಿಷೇಧವೇ ಎಂಬುದು ಅವನ ವಾದ. ಕುಡಿದು ಬೇರೆಯವರಿಗೆ ಹಾನಿ ಮಾಡಿದಾಗ ಮಾತ್ರ ಶಿಕ್ಷೆ ಸಲ್ಲುತ್ತದೆ ಎಂದು ಅವನು ನಂಬಿದ್ದ.

ಕರ್ನಾಟಕದ ಅನುಭವದಲ್ಲಿ ಈ ವಾದಕ್ಕೆ ತೂಕವಿದೆ. ಸಾರಾಯಿ ಹೋಯಿತು, ಬ್ರಾಂದಿ, ವಿಸ್ಕಿ, ರಮ್ಮು ಉಳಿದವು. ಅವುಗಳ ಸಗಟು ಮಾರಾಟ 2003ರಲ್ಲಿ ಸ್ಥಾಪಿತವಾದ ಸರ್ಕಾರಿ ಪಾನೀಯ ನಿಗಮದ ಕೈಯಲ್ಲೇ ಮುಂದುವರಿಯಿತು. ಅಗ್ಗದ ಮದ್ಯ ಸಣ್ಣ ಪ್ಯಾಕೆಟ್‌ಗಳಲ್ಲಿ ಸಾರಾಯಿಯ ಜಾಗ ತುಂಬಿತು.

ಮನೆಮಂದಿಯ ಅನ್ನಕ್ಕೆ ಕುತ್ತು ಬಂದಾಗ ಸರ್ಕಾರ ನಡುವೆ ಬರುವುದು ನ್ಯಾಯವೇ. ಆದರೆ ಒಬ್ಬರ ಕುಡಿತವನ್ನು ನಿಷೇಧಿಸಿ ಇನ್ನೊಬ್ಬರ ಕುಡಿತದಿಂದ ಬೊಕ್ಕಸ ತುಂಬಿಕೊಳ್ಳುವ ನೀತಿ, ಬಡವರ ಆಯ್ಕೆಯನ್ನಷ್ಟೇ ಕಸಿಯುತ್ತದೆ. ರಕ್ಷಣೆಯ ಹೆಸರಿನ ಕಾನೂನು ಎಲ್ಲರಿಗೂ ಒಂದೇ ಆಗಿರಬೇಕು.